ನವೆಂಬರ್ ಕೊನೆಯ ಚಳಿಯಲ್ಲಿ ಕಾಲೇಜು ಫುಟ್‌ಬಾಲ್: ಬದಲಾಗುವುದು ಕೈಯೋ, ಚೆಂಡೋ, ಆಟವೋ?

ದಾವಣಗೆರೆಯಿಂದ ಕೊಲಂಬಸ್‌ಗೆ

ಎಲ್ಲರಿಗೂ ನಮಸ್ಕಾರ. ನಾನು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ನೋಡಲು ಇಲ್ಲಿನ ಕ್ರೀಡಾಂಗಣಕ್ಕೆ ಹೋದಾಗ ಬಿಸಿಲಿಗೆ ಕುತ್ತಿಗೆ ಸುಟ್ಟುಕೊಂಡು ಬಂದಿದ್ದೆ. ಅದೇ ತಂಡದ ಆಟವನ್ನು ನವೆಂಬರ್ ನಡುವಿನ ಒಂದು ಸಂಜೆ ನೋಡಿದಾಗ ಬೇರೆಯದೇ ಆಟ ನೋಡುತ್ತಿದ್ದೇನೆ ಎನ್ನಿಸಿತು. ಕ್ವಾರ್ಟರ್‌ಬ್ಯಾಕ್ (ಚೆಂಡನ್ನು ಎಸೆಯುವ ಮುಖ್ಯ ಆಟಗಾರ) ಪ್ರತಿ ಎಸೆತದ ನಡುವೆ ಸೊಂಟಕ್ಕೆ ಕಟ್ಟಿಕೊಂಡ ಕೈಚೀಲದೊಳಗೆ ಎರಡೂ ಕೈಗಳನ್ನು ತೂರಿಸಿಕೊಳ್ಳುತ್ತಿದ್ದ. ಸೆಪ್ಟೆಂಬರ್‌ನಲ್ಲಿ ಸಲೀಸಾಗಿ ಹಿಡಿಯುತ್ತಿದ್ದ ಪಾಸುಗಳು ಆಟಗಾರರ ಅಂಗೈಗೆ ಬಡಿದು ಕೆಳಗೆ ಬೀಳುತ್ತಿದ್ದವು. ಒದ್ದ ಚೆಂಡು ಮೊದಲಿನಷ್ಟು ದೂರ ಹೋಗುತ್ತಿರಲಿಲ್ಲ.

ಇದಕ್ಕೆ ಬೆರಳು ಮರಗಟ್ಟುವುದಷ್ಟೇ ಕಾರಣವೋ ಅಥವಾ ಚೆಂಡಿನ ಗುಣವೇ ಬದಲಾಗುತ್ತದೆಯೋ? ದಕ್ಷಿಣದ ರಾಜ್ಯಗಳ ತಂಡಗಳು ಇಂಥ ಚಳಿಯಲ್ಲಿ ನಿಜವಾಗಿಯೂ ಕುಗ್ಗುತ್ತವೆಯೋ? ತಿಂಗಳ ಕೊನೆಯಲ್ಲಿ ಮಿಷಿಗನ್ ವಿರುದ್ಧದ ಪಂದ್ಯಕ್ಕೆ ಟಿಕೆಟ್ ಸಿಕ್ಕಿದೆ. ಏನನ್ನು ಗಮನಿಸಬೇಕೆಂದು ತಿಳಿದು ಹೋಗುವ ಆಸೆ.

ಹಳೇ ಹುಬ್ಬಳ್ಳಿಯವ, ಡೆಟ್ರಾಯಿಟ್ ಹತ್ತಿರ

ಎರಡೂ ಹೌದು. ನಾನು ವೃತ್ತಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್ ಆದ್ದರಿಂದ ಚೆಂಡಿನ ವಿಷಯವನ್ನಷ್ಟೇ ಹೇಳುತ್ತೇನೆ.

ಚಳಿ ಬಿದ್ದ ಮೊದಲ ಬೆಳಿಗ್ಗೆ ಕಾರಿನಲ್ಲಿ ಟೈರ್ ಗಾಳಿ ಕಡಿಮೆಯಾಗಿದೆ ಎಂಬ ಹಳದಿ ದೀಪ ಹೊತ್ತಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಟೈರು ತೂತಾಗಿರುವುದಿಲ್ಲ, ಒಳಗಿನ ಗಾಳಿ ತಣ್ಣಗಾಗಿ ಒತ್ತಡ ಇಳಿದಿರುತ್ತದೆ. ಚೆಂಡಿಗೂ ಆಗುವುದು ಅದೇ. ನಿಯಮದ ಪ್ರಕಾರ ಕಾಲೇಜು ಚೆಂಡಿನಲ್ಲಿ 12.5ರಿಂದ 13.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಇರಬೇಕು. 21 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ 13 ಪಿಎಸ್‌ಐಗೆ ಗಾಳಿ ತುಂಬಿದ ಚೆಂಡನ್ನು ಶೂನ್ಯಕ್ಕಿಂತ 7 ಡಿಗ್ರಿ ಕೆಳಗಿರುವ ಮೈದಾನಕ್ಕೆ ತಂದು ಬಿಟ್ಟರೆ, ಅದು ಪೂರ್ತಿ ತಣ್ಣಗಾಗುವ ಹೊತ್ತಿಗೆ ಒತ್ತಡ ಹತ್ತೂವರೆಯ ಆಸುಪಾಸಿಗೆ ಇಳಿದಿರುತ್ತದೆ ಎಂಬುದನ್ನು ಪಿಯುಸಿಯಲ್ಲಿ ಕಲಿತ ಅನಿಲ ನಿಯಮದಿಂದಲೇ ಲೆಕ್ಕ ಹಾಕಬಹುದು. ಮೆತ್ತಗಾದ ಚೆಂಡು ಕೈಯ ಹಿಡಿತಕ್ಕೆ ಕೊಂಚ ಅನುಕೂಲವೇ. ಆದರೆ ಚಳಿಗೆ ಹೊರಗಿನ ಚರ್ಮ ಗಡುಸಾಗಿ ನುಣುಪೇರುವುದರಿಂದ ಆ ಅನುಕೂಲ ಉಳಿಯುವುದಿಲ್ಲ.

ಒದೆತದಲ್ಲಿ ನಷ್ಟ ಇನ್ನೂ ಸ್ಪಷ್ಟ. ಕಾಲು ತಗುಲಿದ ಕ್ಷಣದಲ್ಲಿ ಚೆಂಡು ಅಮುಕಿಕೊಂಡು ಮತ್ತೆ ಪುಟಿಯಬೇಕು. ತಣ್ಣಗಿನ ಚೆಂಡು ಆ ಶಕ್ತಿಯನ್ನು ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಮೇಲಾಗಿ, ಅದೇ 28 ಡಿಗ್ರಿ ಇಳಿಕೆಯಿಂದ ಹೊರಗಿನ ಗಾಳಿಯೂ ಸುಮಾರು ಶೇಕಡಾ 10ರಷ್ಟು ದಟ್ಟವಾಗಿ, ಹಾರುವ ಚೆಂಡನ್ನು ಹೆಚ್ಚು ತಡೆಯುತ್ತದೆ. ಸೆಪ್ಟೆಂಬರ್‌ನಲ್ಲಿ ಫೀಲ್ಡ್ ಗೋಲಿಗೆ (ಚೆಂಡನ್ನು ಗೋಲ್‌ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸುವುದಕ್ಕೆ) ಧೈರ್ಯ ಮಾಡುವ ದೂರದಿಂದಲೇ ನವೆಂಬರ್‌ನಲ್ಲಿ ಕೋಚ್ ಪಂಟ್ ಮಾಡಿಸುವುದಕ್ಕೆ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದಕ್ಕೆ) ಕಾರಣ ಇದು.

ಚಾಮರಾಜಪೇಟೆ

ಮೇಲಿನವರ ಲೆಕ್ಕ ಸರಿಯಾಗಿದೆ. ಆದರೂ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ: ಆಟವನ್ನು ಕೆಡಿಸುವುದು ಥರ್ಮಾಮೀಟರ್ ಅಲ್ಲ, ಬೀಸುವ ಗಾಳಿ. ಮೂವತ್ತು ವರ್ಷಗಳಿಂದ ಈ ಆಟವನ್ನು ನೋಡುತ್ತಾ ಬಂದ ನನ್ನ ಖಚಿತ ಅಭಿಪ್ರಾಯ ಇದು.

ನೀವು ನೋಡಲಿರುವ ಪಂದ್ಯದ ಇತಿಹಾಸದಲ್ಲೇ ಇದಕ್ಕೆ ದೊಡ್ಡ ಸಾಕ್ಷಿ ಇದೆ. 1950ರ ನವೆಂಬರ್ 25ರಂದು ಇದೇ ಕೊಲಂಬಸ್‌ನಲ್ಲಿ, ಹಿಮಬಿರುಗಾಳಿಯ ನಡುವೆ, ಓಹಾಯೊ ಸ್ಟೇಟ್ ಮತ್ತು ಮಿಷಿಗನ್ ಆಡಿದವು. ಜನ ಇಂದಿಗೂ ಅದನ್ನು ಸ್ನೋ ಬೌಲ್ ಎನ್ನುತ್ತಾರೆ. ಮೈದಾನಕ್ಕೆ ಹೊದಿಸಿದ್ದ ಟಾರ್ಪಾಲು ನೆಲಕ್ಕೆ ಹೆಪ್ಪುಗಟ್ಟಿ ಕೂತಿದ್ದರಿಂದ ಅದನ್ನು ಕಿತ್ತು ತೆಗೆಯುವಷ್ಟರಲ್ಲಿ ಆಟ ತಡವಾಯಿತು. ಅಂಥ ದಿನವೂ ಐವತ್ತು ಸಾವಿರಕ್ಕೂ ಹೆಚ್ಚು ಜನ ಬಂದು ಕೂತಿದ್ದರು. ಚೆಂಡು ಕೈಯಲ್ಲಿದ್ದರೆ ಜಾರಿ ಎದುರಾಳಿಯ ಪಾಲಾಗುವ ಭಯವೇ ಹೆಚ್ಚಾಗಿ, ಎರಡೂ ತಂಡಗಳು ನಾಲ್ಕನೇ ಡೌನ್‌ವರೆಗೆ (ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಕೊನೆಯದರವರೆಗೆ) ಕಾಯದೆ ಮೊದಲ, ಎರಡನೇ ಡೌನ್‌ನಲ್ಲೇ ಪಂಟ್ ಮಾಡತೊಡಗಿದವು. ಎದುರಾಳಿ ತನ್ನ ಗೋಲಿನ ಬಳಿ ತಪ್ಪು ಮಾಡಲಿ ಎಂದು ಕಾಯುವುದೇ ತಂತ್ರವಾಯಿತು. ಮಿಷಿಗನ್‌ನ ಚಕ್ ಆರ್ಟ್‌ಮನ್ 24 ಬಾರಿ, ಆ ವರ್ಷ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ ಓಹಾಯೊದ ವಿಕ್ ಜ್ಯಾನೊವಿಚ್ 21 ಬಾರಿ, ಒಟ್ಟು 45 ಪಂಟ್! ಮಿಷಿಗನ್‌ಗೆ ಇಡೀ ಪಂದ್ಯದಲ್ಲಿ ಒಂದೂ ಫಸ್ಟ್ ಡೌನ್ (ಆ ಹತ್ತು ಯಾರ್ಡ್ ದಾಟಿದರೆ ಸಿಗುವ ಹೊಸ ನಾಲ್ಕು ಯತ್ನ) ಬರಲಿಲ್ಲ, ಒಂದು ಪಾಸೂ ಕೈಗೂಡಲಿಲ್ಲ, ಆದರೂ 9–3ರಿಂದ ಗೆದ್ದಿತು. ಗೆಲುವಿನ ಒಂಬತ್ತು ಅಂಕಗಳೂ ಎದುರಾಳಿಯ ಪಂಟನ್ನು ತಡೆದದ್ದರಿಂದ ಬಂದವು: ಒಂದು ಸೇಫ್ಟಿ (ಚೆಂಡು ಎದುರಾಳಿಯದೇ ಗೋಲ್ ಗೆರೆಯ ಹಿಂದೆ ಉಳಿದಾಗ ಸಿಗುವ ಎರಡು ಅಂಕ), ಮೊದಲಾರ್ಧ ಮುಗಿಯುವ ಕೊನೆಯ ನಿಮಿಷದಲ್ಲಿ ಟೋನಿ ಮಾಮ್ಸೆನ್ ಮಾಡಿದ ಒಂದು ಟಚ್‌ಡೌನ್ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡು ಪಡೆದು ಗಳಿಸುವ ಆರು ಅಂಕ), ಅದರ ಹೆಚ್ಚುವರಿ ಅಂಕ. ಓಹಾಯೊ ಕೋಚ್ ವೆಸ್ ಫೆಸ್ಲರ್ ಆ ಋತು ಮುಗಿದ ಮೇಲೆ ಹುದ್ದೆ ಬಿಟ್ಟರು, ಅವರ ಜಾಗಕ್ಕೆ ವುಡಿ ಹೇಯ್ಸ್ ಬಂದರು.

ಈಗ ಇದರ ಪಕ್ಕಕ್ಕೆ 2021ರ ನವೆಂಬರ್ 27ನ್ನು ಇಟ್ಟು ನೋಡಿ. ಮಿಷಿಗನ್‌ನ ತವರಾದ ಆನ್ ಆರ್ಬರ್‌ನಲ್ಲಿ ಹಿಮ ಉದುರುತ್ತಿತ್ತು, ಚಳಿಯೂ ಇತ್ತು. ಆದರೆ 1950ರ ಆ ಬಿರುಗಾಳಿ ಇರಲಿಲ್ಲ. ಸೋತ ಓಹಾಯೊ ಸ್ಟೇಟ್‌ನ ಸಿ. ಜೆ. ಸ್ಟ್ರೌಡ್ ಅಂಥ ದಿನದಲ್ಲೂ 400 ಯಾರ್ಡ್‌ಗಳ ಹತ್ತಿರಕ್ಕೆ ಪಾಸ್ ಮಾಡಿದರು. ಮಿಷಿಗನ್ ಗೆದ್ದದ್ದು 42–27ರಿಂದ, ನೆಲದ ಮೇಲೆ ಓಡಿ. ಹಸನ್ ಹ್ಯಾಸ್ಕಿನ್ಸ್ ಒಬ್ಬರೇ ಐದು ಟಚ್‌ಡೌನ್ ಮಾಡಿದರು. ಹಿಮದಲ್ಲಿ ತಡೆಯುವವನು ಎದುರಾಳಿ ಎತ್ತ ತಿರುಗುತ್ತಾನೆಂದು ನೋಡಿಕೊಂಡು ಆಮೇಲೆ ಕಾಲು ಊರಬೇಕು, ಅಷ್ಟರಲ್ಲಿ ಜಾರುತ್ತಾನೆ. ಓಡುವವನಿಗೆ ತಾನು ಎತ್ತ ತಿರುಗುತ್ತೇನೆಂಬುದು ಮೊದಲೇ ಗೊತ್ತಿರುತ್ತದೆ. ಆ ಅರ್ಧ ಹೆಜ್ಜೆಯ ಲಾಭವೇ ಸಾಕು.

ದಕ್ಷಿಣದ ತಂಡಗಳ ಪ್ರಶ್ನೆ ಮೊದಲು ಹೆಚ್ಚಾಗಿ ಊಹೆಯ ಮಾತಾಗಿತ್ತು, ಏಕೆಂದರೆ ಋತುವಿನ ಕೊನೆಗೆ ಡಿಸೆಂಬರ್‌ನಲ್ಲಿ ನಡೆಯುವ ಬೌಲ್ ಎಂಬ ಪಂದ್ಯಗಳೆಲ್ಲ ಬಹುಮಟ್ಟಿಗೆ ಬೆಚ್ಚಗಿನ ಊರುಗಳಲ್ಲಿ ಅಥವಾ ಸೂರಿನ ಕೆಳಗೆ ನಡೆಯುತ್ತಿದ್ದವು. 2024ರಲ್ಲಿ ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಹನ್ನೆರಡು ತಂಡಗಳಿಗೆ ವಿಸ್ತಾರಗೊಂಡು, ಮೊದಲ ಸುತ್ತು ವಿಶ್ವವಿದ್ಯಾಲಯಗಳ ಸ್ವಂತ ಮೈದಾನಗಳಿಗೆ ಬಂದಿತು. ಡಿಸೆಂಬರ್ 21ರ ರಾತ್ರಿ ಕೊಲಂಬಸ್‌ನ ಕೊರೆಯುವ ಚಳಿಯಲ್ಲಿ ದಕ್ಷಿಣದ ಟೆನೆಸ್ಸೀ ತಂಡ 42–17ರಿಂದ ಸೋತಿತು. ಚಳಿಯೇ ಸೋಲಿಸಿತು ಎಂದು ಹಲವರು ಬರೆದರು. ನಾನು ಒಪ್ಪುವುದಿಲ್ಲ. ಅದೇ ಚಳಿಯಲ್ಲಿ ಓಹಾಯೊದ ವಿಲ್ ಹೋವರ್ಡ್ 300ಕ್ಕೂ ಹೆಚ್ಚು ಯಾರ್ಡ್ ಪಾಸ್ ಮಾಡಿದರು. ಅಂದು ಗೆದ್ದದ್ದು ಉತ್ತಮ ತಂಡ.

ವೈದ್ಯೆ, ಮ್ಯಾಡಿಸನ್

ಚಾಮರಾಜಪೇಟೆಯವರ ಮಾತಿಗೆ ದೇಹದ ಕಡೆಯಿಂದ ಒಂದು ಬೆಂಬಲ. ಗಾಳಿ ಚರ್ಮದ ಮೇಲಿನ ಬೆಚ್ಚಗಿನ ತೆಳು ಪದರವನ್ನು ಹೊತ್ತೊಯ್ಯುವುದರಿಂದ ಅದೇ ತಾಪಮಾನದಲ್ಲಿ ದೇಹ ಬೇಗ ತಣ್ಣಗಾಗುತ್ತದೆ. ಆಗ ದೇಹವು ಹೃದಯ, ಮಿದುಳುಗಳನ್ನು ಉಳಿಸಿಕೊಳ್ಳಲು ಬೆರಳುಗಳ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಬೆರಳ ಚರ್ಮ ಸುಮಾರು 15 ಡಿಗ್ರಿಗಿಂತ ಕೆಳಗೆ ಇಳಿದರೆ ಸ್ಪರ್ಶಜ್ಞಾನ ಮಂಕಾಗುತ್ತದೆ, ಚೆಂಡು ಅಂಗೈಗೆ ಬಡಿದದ್ದು ತಿಳಿದು ಬೆರಳು ಮಡಚುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ನೀವು ಕಂಡ ಕೈಚೀಲದೊಳಗೆ ಬಿಸಿ ಪೊಟ್ಟಣ ಇರುತ್ತದೆ.

ಆದರೆ ನನಗೆ ಆಟಗಾರರಿಗಿಂತ ಹೆಚ್ಚಿನ ಚಿಂತೆ ನಿಮ್ಮಂಥ ಪ್ರೇಕ್ಷಕರದು. ಅವರು ಓಡಿ ಮೈ ಬಿಸಿ ಮಾಡಿಕೊಳ್ಳುತ್ತಾರೆ, ನೀವು ಮೂರೂವರೆ ಗಂಟೆ ಕೂತಿರುತ್ತೀರಿ. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರದಿರಲಿ. ಬೆವರು ಹೀರಿದ ಹತ್ತಿ ಒಣಗದೆ ಮೈಯನ್ನು ತಣ್ಣಗಿಡುತ್ತದೆ. ಕಾಂಕ್ರೀಟ್ ನೆಲ ಬೂಟಿನ ಅಡಿಯಿಂದಲೇ ಶಾಖ ಎಳೆದುಕೊಳ್ಳುವುದರಿಂದ, ಒಳಗೆ ಬಿಡುವುದಾದರೆ ಕಾಲಡಿಗೆ ಒಂದು ದಪ್ಪ ರಟ್ಟು ಒಯ್ಯಿರಿ. ಊರಿನಿಂದ ತಂದ ಮಂಕಿ ಕ್ಯಾಪ್ ಇದ್ದರೆ ಸಂಕೋಚಪಡದೆ ಹಾಕಿಕೊಳ್ಳಿ, ಕಿವಿ ಮುಚ್ಚಲು ಅದಕ್ಕಿಂತ ಒಳ್ಳೆಯದು ಸಿಗದು. ಮದ್ಯ ಕುಡಿದರೆ ಬೆಚ್ಚಗಾಗುತ್ತದೆ ಎಂಬುದು ಅಪಾಯದ ಭ್ರಮೆ. ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ.

ಬ್ಯಾಂಡ್ ಹುಡುಗಿಯ ತಾಯಿ

ಚಳಿಯಲ್ಲಿ ಕಷ್ಟಪಡುವ ಇನ್ನೊಂದು ತಂಡವನ್ನು ಯಾರೂ ನೆನೆಯಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ನನ್ನ ಮಗಳು ಇನ್ನೊಂದು ವಿಶ್ವವಿದ್ಯಾಲಯದ ಬ್ಯಾಂಡ್‌ನಲ್ಲಿ ಟ್ರಂಪೆಟ್ ನುಡಿಸುತ್ತಾಳೆ. ತಣ್ಣಗಿನ ಗಾಳಿಯಲ್ಲಿ ಶಬ್ದದ ವೇಗ ಕಡಿಮೆಯಾಗುವುದರಿಂದ ಹಿತ್ತಾಳೆ ವಾದ್ಯಗಳ ಶ್ರುತಿ ಇಳಿಯುತ್ತದೆ, ಉಸಿರಿನ ತೇವ ಒಳಗೆ ಹೆಪ್ಪುಗಟ್ಟಿ ವಾಲ್ವ್‌ಗಳು ಒತ್ತಿದಲ್ಲೇ ನಿಂತುಬಿಡುತ್ತವೆ. ಅವಳು ಎರಡು ಹಾಡುಗಳ ನಡುವೆ ಟ್ರಂಪೆಟ್ಟನ್ನು ಕೋಟಿನೊಳಗೆ ಮಗುವಿನಂತೆ ಅಪ್ಪಿಕೊಂಡು, ವಾಲ್ವ್‌ಗಳನ್ನು ಬಿಡದೆ ಒತ್ತುತ್ತಲೇ ಇರುತ್ತಾಳೆ. ತುಟಿ ಅಂಟದಿರಲೆಂದು ಪ್ಲಾಸ್ಟಿಕ್ಕಿನ ಬಾಯ್ತುದಿ ಬೇರೆ. ಓಹಾಯೊ ಸ್ಟೇಟ್ ಬ್ಯಾಂಡಿನಲ್ಲಿ ಇರುವುದೇ ಹಿತ್ತಾಳೆ ವಾದ್ಯ ಮತ್ತು ತಾಳವಾದ್ಯಗಳು. ಮಧ್ಯಂತರದಲ್ಲಿ ಎದ್ದು ಹೋಗದೆ ಅವರನ್ನೂ ಕೇಳಿ.

ದಾವಣಗೆರೆಯಿಂದ ಕೊಲಂಬಸ್‌ಗೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಚಾಮರಾಜಪೇಟೆ ಅವರೇ, ಗಾಳಿಯೇ ಮುಖ್ಯವೆಂದಾದರೆ, ಮೇಲಿನ ಸಾಲಿನಲ್ಲಿ ಕೂತವನಿಗೆ ಮೈದಾನದೊಳಗಿನ ಗಾಳಿ ತಿಳಿಯುವುದು ಹೇಗೆ?

ಚಾಮರಾಜಪೇಟೆ

ಗೋಲ್‌ಕಂಬಗಳ ತುದಿಯಲ್ಲಿ ಒಂದೊಂದು ಪುಟ್ಟ ರಿಬ್ಬನ್ ಕಟ್ಟಿರುತ್ತಾರೆ, ಅದನ್ನು ನೋಡಿ. ಎರಡು ತುದಿಗಳ ರಿಬ್ಬನ್‌ಗಳು ಒಂದೇ ಕಡೆಗೆ ಹಾರದೆ ಇರುವುದೂ ಉಂಟು, ಏಕೆಂದರೆ ಕ್ರೀಡಾಂಗಣದ ಗೋಡೆಗಳೊಳಗೆ ಗಾಳಿ ಸುತ್ತುತ್ತದೆ. ಆಟಕ್ಕೆ ಮೊದಲು ಕಿಕ್ಕರ್ ಅಭ್ಯಾಸ ಮಾಡುವಾಗ ಪ್ರತಿ ಒದೆತಕ್ಕೂ ಮುನ್ನ ತಲೆ ಎತ್ತಿ ನೋಡುವುದು ಅದನ್ನೇ. ನಾಣ್ಯ ಚಿಮ್ಮಿದ ಮೇಲೆ ಯಾವ ನಾಯಕ ಚೆಂಡನ್ನು ಬಿಟ್ಟು ಮೈದಾನದ ದಿಕ್ಕನ್ನು ಆರಿಸಿಕೊಳ್ಳುತ್ತಾನೋ, ಅವನ ಕೋಚೂ ಆ ರಿಬ್ಬನ್ ನೋಡಿಯೇ ಬಂದಿರುತ್ತಾನೆ.