ಬಯೋಟೆಕ್ನಾಲಜಿ ಸೀಟಿಗೆ ಎಂಟು ಲಕ್ಷ ಸಾಲ: ಕಂತು ಕಟ್ಟಿದವರು ಹೇಳಿ

ಸಾಗರ ತಾಲ್ಲೂಕಿನ ತಾಯಿ ಕೇಳಿದ್ದು

ಮಗಳು ಪಿಯುಸಿ ಮುಗಿಸಿದ್ದಾಳೆ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌ಕೆ ರ‍್ಯಾಂಕಿಗೆ ಬೆಂಗಳೂರಿನ ಖಾಸಗಿ ಕಾಲೇಜೊಂದರಲ್ಲಿ ಬಯೋಟೆಕ್ನಾಲಜಿ ಬಿ.ಇ. ಸೀಟು ಸಿಗುವಂತಿದೆ. ಕೈಯಲ್ಲಿರುವುದನ್ನು ಕಳೆದರೆ ನಾಲ್ಕು ವರ್ಷಕ್ಕೆ 8 ಲಕ್ಷ ಸಾಲ ಮಾಡಬೇಕು. ಇಲ್ಲವೆಂದರೆ ಶಿವಮೊಗ್ಗದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದಬಹುದು, ಸಾಲವೇ ಬೇಡ. ನಮ್ಮದು ಎರಡು ಎಕರೆಗೂ ಕಡಿಮೆ ಅಡಿಕೆ ತೋಟ. ಈ ಸಲ ಕೊಳೆರೋಗ ಅರ್ಧ ಫಸಲನ್ನು ತಿಂದಿತು. ಮಗಳಿಗೆ ಲ್ಯಾಬ್ ಎಂದರೆ ಪ್ರಾಣ. ಸಾಲ ಮಾಡಿ ಓದಿದವರು, ಓದಿಸಿದವರು ಏನು ಹೇಳುತ್ತೀರಿ?

ಬಯೋಟೆಕ್ನಾಲಜಿಯನ್ನೇ ಓದಿದವಳು, ಬೆಂಗಳೂರು

ಅಕ್ಕ, ನಾನು 2016ರಲ್ಲಿ ಇದೇ ಬಿ.ಇ. ಮುಗಿಸಿದವಳು. ತೆಗೆದದ್ದು 4 ಲಕ್ಷ, ಶೇಕಡಾ 12ರ ಬಡ್ಡಿ. ಕಂತು ಶುರುವಾಗುವಷ್ಟರಲ್ಲಿ ಅದು ಐದೂವರೆ ಲಕ್ಷ ದಾಟಿತ್ತು. ಓದುವಾಗ ಕಂತು ಇಲ್ಲ ಎಂದದ್ದನ್ನು ನಮ್ಮಪ್ಪ ಬಡ್ಡಿಯೂ ಇಲ್ಲ ಎಂದುಕೊಂಡಿದ್ದರು.

ಮೊದಲ ಕೆಲಸ ಬೊಮ್ಮಸಂದ್ರದ ಕಡೆಯ ಒಂದು ಔಷಧ ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ. ಕೈಗೆ ಬರುತ್ತಿದ್ದದ್ದು 14,500. ಕಂತಿಗೆ 8,150, ಪಿ.ಜಿ. ಬಾಡಿಗೆಗೆ 5,500. ಉಳಿದ 850 ರೂಪಾಯಿಯಲ್ಲಿ ತಿಂಗಳಿಡೀ ಬಸ್ಸು, ಮೊಬೈಲು, ಸೋಪು. ಊರಿಗೆ ಹೋಗಬೇಕೆಂದರೆ ಅಮ್ಮ ಬಸ್ ಚಾರ್ಜು ಕಳುಹಿಸುತ್ತಿದ್ದಳು, ಅದೂ ಅಪ್ಪನಿಗೆ ಹೇಳದೆ. ಎರಡು ವರ್ಷ ಕೆಲವು ಕಂತುಗಳನ್ನು ಅಪ್ಪ ಶುಂಠಿ ಹಣದಲ್ಲಿ ತುಂಬಿದರು. ಆ ಮೇಲೆ ಗೇಟ್ ಪ್ರವೇಶ ಪರೀಕ್ಷೆ ಬರೆದು ಎಂ.ಟೆಕ್. ಸೇರಿದೆ, ಆಗ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುತ್ತಿತ್ತು. ಈಗ ಸಂಬಳ ಚೆನ್ನಾಗಿದೆ. ಆದರೆ ಅದು ಬಿ.ಇ. ತಂದುಕೊಟ್ಟ ಸಂಬಳವಲ್ಲ, ಎರಡನೆಯ ಪದವಿ ತಂದುಕೊಟ್ಟದ್ದು.

ಈ ವಿಷಯದಲ್ಲಿ ಇದೇ ಮುಖ್ಯ. ಲ್ಯಾಬಿನಲ್ಲೇ ಬದುಕಬೇಕೆನ್ನುವವರಿಗೆ ಮೊದಲ ಪದವಿ ಬರೀ ಮೆಟ್ಟಿಲು. ಆ ಮೆಟ್ಟಿಲಿಗೇ 8 ಲಕ್ಷ ಸುರಿದರೆ ಮುಂದಿನದಕ್ಕೆ ಉಸಿರು ಉಳಿಯುವುದಿಲ್ಲ. ಬಿ.ಎಸ್ಸಿ. ಮಾಡಿ ಐಐಟಿ ಜ್ಯಾಮ್ ಅಥವಾ ಗ್ಯಾಟ್-ಬಿ ಪ್ರವೇಶ ಪರೀಕ್ಷೆ ಬರೆದರೆ ಒಳ್ಳೆಯ ಎಂ.ಎಸ್ಸಿ. ಸಿಗಬಹುದು. ಮುಂದೆ ನೆಟ್ ಪರೀಕ್ಷೆಯಲ್ಲಿ ಸಂಶೋಧನಾ ವಿದ್ಯಾರ್ಥಿವೇತನವಾದ ಜೆಆರ್‌ಎಫ್ ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಎಲ್ಲರಿಗೂ ಬರುವುದಿಲ್ಲ, ನನಗೂ ಬರಲಿಲ್ಲ. ಆದರೆ ಬಾರದೆ ಹೋದಾಗ ತಲೆಯ ಮೇಲೆ ಕಂತು ಇಲ್ಲದಿರುವುದು ಎಂಥ ನೆಮ್ಮದಿ ಎಂದು ಸಾಲವಿಲ್ಲದ ನನ್ನ ಗೆಳತಿಯನ್ನು ಕಂಡು ತಿಳಿದೆ.

ಸಾಫ್ಟ್‌ವೇರಿಗೆ ಹಾರಿದವನು, ಹುಬ್ಬಳ್ಳಿ

ನನ್ನದೂ ಬಯೋಟೆಕ್, ನನ್ನದೂ ಸಾಲ, ಆದರೆ ನನಗೆ ನಷ್ಟವಾಗಲಿಲ್ಲ. ಕ್ಯಾಂಪಸ್ಸಿಗೆ ಬಂದ ಐಟಿ ಕಂಪನಿ ಯಾವ ವಿಭಾಗ ಎಂದು ಕೇಳದೆ ತೆಗೆದುಕೊಂಡಿತು. ವರ್ಷಕ್ಕೆ 3.6 ಲಕ್ಷ ಎಂದು ಊರೆಲ್ಲ ಸಿಹಿ ಹಂಚಿದ ಮೇಲೆ ಕೈಗೆ ಬಂದದ್ದು 25,000ದ ಸುಮಾರು; ಭವಿಷ್ಯ ನಿಧಿ, ಗ್ರಾಚ್ಯುಟಿ ಎಲ್ಲವೂ ಆ 3.6ರಲ್ಲೇ ಸೇರಿರುತ್ತವೆ. ಆದರೂ ಆರು ವರ್ಷದಲ್ಲಿ ಸಾಲ ತೀರಿತು. ನಿಮ್ಮ ಮಗಳು ಕೋಡಿಂಗ್ ಕಲಿಯಲು ಸಿದ್ಧಳಿದ್ದರೆ ಬೆಂಗಳೂರಿನ ಕಾಲೇಜು ದಂಡವಲ್ಲ. ಒಂದು ಮಾತು ಮಾತ್ರ ನೆನಪಿರಲಿ: 2022ರಲ್ಲಿ ಆಫರ್ ಪತ್ರ ಸಿಕ್ಕ ನನ್ನ ತಂಗಿ ಕೆಲಸಕ್ಕೆ ಸೇರಲು ಒಂದು ವರ್ಷ ಕಾದಳು. ಬಡ್ಡಿ ಕಾಯಲಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ತಾಯಿ, ಒಂದು ಹಾಳೆ ತೆಗೆದುಕೊಂಡು ಬರೆದುಕೊಳ್ಳಿ. ಪ್ರತಿ ವರ್ಷದ ಆರಂಭದಲ್ಲಿ 2 ಲಕ್ಷದಂತೆ, ಶೇಕಡಾ 10ರ ಬಡ್ಡಿ. ಓದಿನ ನಾಲ್ಕು ವರ್ಷ, ಮೇಲೊಂದು ವರ್ಷ ಕಂತಿಗೆ ವಿರಾಮ. ಮೊದಲ 2 ಲಕ್ಷಕ್ಕೆ ಐದು ವರ್ಷದ ಸರಳ ಬಡ್ಡಿ 1 ಲಕ್ಷ; ಉಳಿದ ಮೂರಕ್ಕೆ 80, 60, 40 ಸಾವಿರ. ಅಲ್ಲಿಗೆ 8 ಲಕ್ಷ ಎಂಬುದು 10.8 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ಕಂತು ಸುಮಾರು 14,270. ಹದಿನೈದಕ್ಕೆ ಎಳೆದರೆ 11,600ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವುದು 17 ಲಕ್ಷದಿಂದ ಹತ್ತಿರ ಹತ್ತಿರ 21 ಲಕ್ಷಕ್ಕೆ ಏರುತ್ತದೆ. ಮೇಲೆ ಹೇಳಿದ 25,000ದ ಪಕ್ಕ ಈ ಅಂಕಿ ಇಟ್ಟು ನೋಡಿ.

ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗಬಹುದು. ಮೊದಲ ವರ್ಷ ತಿಂಗಳಿಗೆ 1,670ರಷ್ಟು, ನಾಲ್ಕನೆಯ ವರ್ಷ 6,670ರಷ್ಟು. ಹಾಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿಯಲ್ಲಿ ಶೇಕಡಾ 1 ಕಡಿಮೆ ಮಾಡುತ್ತವೆ.

7.5 ಲಕ್ಷದ ಗೆರೆಯನ್ನು ಮಾತ್ರ ದಾಟಬೇಡಿ. ಅದರೊಳಗಿನ ಸಾಲಕ್ಕೆ ಕೇಂದ್ರದ ಖಾತರಿ ನಿಧಿಯ ಆಸರೆಯಿದೆ. ದಾಟಿದರೆ ಆಸ್ತಿಯ ಅಡಮಾನ ಕೇಳುತ್ತಾರೆ. ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲವಾದ್ದರಿಂದ ತೋಟದ ಪಹಣಿ ತೋರಿಸಿದರೆ ಮ್ಯಾನೇಜರ್ ತಲೆ ಅಲ್ಲಾಡಿಸುತ್ತಾರೆ. ಕೊನೆಗೆ ಹೋಗುವುದು ಮನೆಯ ಪತ್ರ. ಅಂಥ ಪತ್ರಗಳನ್ನು ನನ್ನ ಕೈಯಿಂದಲೇ ಬೀರುವಿನಲ್ಲಿಟ್ಟಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಕಂತಿಲ್ಲದ ಆ ಐದೂ ವರ್ಷದ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆಯಿದೆ, ಆದರೆ ಒಬ್ಬರಿಗೆ ಒಂದೇ ಪದವಿಗೆ. ಬಿ.ಇ.ಗೆ ಬಳಸಿಕೊಂಡರೆ ಎಂ.ಟೆಕ್.ಗೆ ಇಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ಸಾಲದ ಅರ್ಜಿಯ ಜೊತೆಗೇ ಕೊಟ್ಟು ಸ್ವೀಕೃತಿ ಪಡೆಯಿರಿ. ಅದೊಂದು ಕಾಗದ ಫೈಲಿನಲ್ಲಿ ಇಲ್ಲದೆ ಸಹಾಯಧನ ತಪ್ಪಿದವರನ್ನು ನೋಡಿದ್ದೇನೆ.

ಮಗನನ್ನು ಓದಿಸಿದ ತಂದೆ, ಹಾಸನ

ಸಿಇಟಿಯಲ್ಲಿ ಸೂಪರ್‌ನ್ಯೂಮರರಿ ಸೀಟು ಎಂದಿದೆ, ಮಾಮೂಲಿ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಕೊಡುವಂಥದ್ದು, ಬೋಧನಾ ಶುಲ್ಕ ಮಾಫಿ. ಆದಾಯ 8 ಲಕ್ಷದೊಳಗಿರಬೇಕು. ನನ್ನ ಮಗ ಓದಿದ್ದು ಅದರಲ್ಲೇ. ಕಾಮೆಡ್‌ಕೆಗೆ ಹಣ ಕಟ್ಟುವ ಮೊದಲು ಅದನ್ನು ನೋಡಿದಿರಾ?

ಮತ್ತೆ ಸಾಗರದಿಂದ

ಎಲ್ಲರಿಗೂ ನಮಸ್ಕಾರ. ಮಗಳು ಕ್ಯಾಲೆಂಡರಿನ ಹಿಂಬದಿಯಲ್ಲಿ 14,270 ಎಂದು ಬರೆದು ಸುತ್ತ ಗೆರೆ ಎಳೆದಿದ್ದಾಳೆ. ಸಿಇಟಿ ಪಟ್ಟಿಯನ್ನು ನಾಳೆ ನೋಡುತ್ತೇವೆ, ಬಿ.ಎಸ್ಸಿ. ಅರ್ಜಿಯನ್ನೂ ತಂದಿಟ್ಟಿದ್ದೇವೆ. ಇವತ್ತು ಆ ಖಾಸಗಿ ಕಾಲೇಜಿಗೆ ಫೋನ್ ಮಾಡಿ, ಕಳೆದ ವರ್ಷ ಬಯೋಟೆಕ್ ಮುಗಿಸಿದವರಲ್ಲಿ ಎಷ್ಟು ಮಂದಿಗೆ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಸಂಬಳ ಎಷ್ಟು ಎಂದು ಕೇಳಿದೆ. ಕಾಲೇಜಿನ ಅತಿ ಹೆಚ್ಚಿನ ಪ್ಯಾಕೇಜನ್ನು ತಕ್ಷಣ ಹೇಳಿದರು. ಅದು ಯಾವ ವಿಭಾಗದವರದ್ದು ಎಂದರೆ, ಕಂಪ್ಯೂಟರ್ ಸೈನ್ಸ್. ಬಯೋಟೆಕ್‌ನದ್ದು ಎಂದಾಗ, ಸೀಟು ಖಚಿತ ಮಾಡಿಕೊಂಡು ಬನ್ನಿ, ಕುಳಿತು ಮಾತನಾಡೋಣ ಎಂದರು.