‘ಈಕ್ವಲ್’ ಹುಟ್ಟಿದ್ದು ‘ಏಕ’ದಿಂದಲೇ?

ಚಿಕ್ಕಪ್ಪ (ಫಾರ್ವರ್ಡ್): ಇಂಗ್ಲಿಷಿನ ‘ಈಕ್ವಲ್’ ಹುಟ್ಟಿದ್ದು ಸಂಸ್ಕೃತದ ‘ಏಕ’ದಿಂದ! ಎಲ್ಲರೂ ಒಂದೇ ಎಂಬುದೇ ಸಮಾನತೆ. ತಪ್ಪದೆ ಹತ್ತು ಜನರಿಗೆ ಕಳುಹಿಸಿ.

ಅತ್ತೆ: ಬಹಳ ಚೆನ್ನಾಗಿದೆ. ಮಕ್ಕಳಿಗೆ ಹೇಳಿಕೊಡುತ್ತೇನೆ.

ನಾನು: ಅತ್ತೆ, ಸ್ವಲ್ಪ ತಡೆಯಿರಿ. ‘ಈಕ್ವಲ್’ ಬಂದಿರುವುದು ಲ್ಯಾಟಿನ್ನಿನ ‘ಐಕ್ವುಸ್’ನಿಂದ. ಅದರ ಅರ್ಥ ಒಂದು ಎಂದಲ್ಲ, ಮಟ್ಟಸ ಎಂದು. ಉಬ್ಬುತಗ್ಗಿಲ್ಲದ ನೆಲಕ್ಕೆ ಹೇಳುತ್ತಿದ್ದ ಮಾತು.

ಚಿಕ್ಕಪ್ಪ: ‘ಏಕ’, ‘ಐಕ್ವ’. ಎರಡೂ ಒಂದೇ ಎಂದು ಕಿವಿಗೇ ತಿಳಿಯುತ್ತದೆ. ನಮ್ಮದೆಂದರೆ ನಿನಗೇಕೆ ಇಷ್ಟು ತಾತ್ಸಾರ?

ನಾನು: ತಾತ್ಸಾರವಲ್ಲ ಚಿಕ್ಕಪ್ಪ. ಒಂದು ಎನ್ನಲು ಲ್ಯಾಟಿನ್ನಿನಲ್ಲಿ ‘ಊನುಸ್’ ಎಂಬ ಬೇರೆ ಪದವೇ ಇದೆ. ಅದೂ ಅಲ್ಲದೆ, ಇರುವುದು ಒಂದೇ ಆದರೆ ಯಾವುದಕ್ಕೆ ಸಮ ಎನ್ನುವುದು? ಸಮ ಎನ್ನಲು ಎರಡು ಬೇಕು. 1557ರಲ್ಲಿ ಗಣಿತಜ್ಞ ರಾಬರ್ಟ್ ರೆಕಾರ್ಡ್ ಸಮಚಿಹ್ನೆಯನ್ನು (=) ಬಳಕೆಗೆ ತಂದಾಗ ಒಂದೇ ಉದ್ದದ ಜೋಡಿಗೆರೆ ಎಳೆದರು. ಇವಕ್ಕಿಂತ ಸಮನಾದ ಎರಡು ವಸ್ತುಗಳು ಇರಲಾರವು ಎಂದು ಕಾರಣವನ್ನೂ ಬರೆದರು.

ಅಕ್ಕ: ನೆಲ ಮಟ್ಟಸವಾಗಿರುವುದಕ್ಕೂ ಮನುಷ್ಯರ ಸಮಾನತೆಗೂ ಏನು ಸಂಬಂಧ?

ನಾನು: ಅಕ್ಕ, ನನಗೆ ತುಂಬ ಪ್ರಿಯವಾದದ್ದು ಈ ಸಂಬಂಧವೇ. ‘ಐಕ್ವುಸ್’ಗೆ ನ್ಯಾಯವಾದದ್ದು ಎಂಬ ಅರ್ಥವೂ ಇತ್ತು. ಇಲ್ಲ ಎನ್ನುವ ‘ಇನ್’ ಅದರ ಮುಂದೆ ಸೇರಿ, ಕೊನೆಗೆ ಇಂಗ್ಲಿಷಿನಲ್ಲಿ ‘ಇನಿಕ್ವಿಟಿ’ ಆಯಿತು. ಅಂದರೆ ಘೋರ ಅನ್ಯಾಯ. ಈಗ ನಮ್ಮ ‘ಸರಿ’ಯನ್ನು ನೋಡು. ‘ಅವನಿಗೆ ಸರಿಯಾದವರಿಲ್ಲ’ ಎಂದರೆ ಸಾಟಿಯಿಲ್ಲ ಎಂದು. ‘ನೀನು ಮಾಡಿದ್ದು ಸರಿ’ ಎಂದರೆ ನ್ಯಾಯ. ಲ್ಯಾಟಿನ್ನಿಗೂ ಕನ್ನಡಕ್ಕೂ ನೆಂಟಸ್ತಿಕೆಯಿಲ್ಲ. ಆದರೂ ಎರಡೂ ಸಾಟಿಯನ್ನೂ ನ್ಯಾಯವನ್ನೂ ಒಂದೇ ಪದದಲ್ಲಿ ಇಟ್ಟುಕೊಂಡಿವೆ. ಕಟ್ಟುಕಥೆಯನ್ನು ನಂಬಿದರೆ ಈ ಸೊಗಸು ಕಣ್ಣಿಗೇ ಬೀಳುವುದಿಲ್ಲ. ನನ್ನ ಸಂಕಟ ಅದು.

ಅತ್ತೆ: ಹಾಗಾದರೆ ಸಂಸ್ಕೃತಕ್ಕೂ ಇಂಗ್ಲಿಷಿಗೂ ನಂಟೇ ಇಲ್ಲವೇ?

ನಾನು: ಖಂಡಿತ ಇದೆ. ‘ಸೇಮ್’ ಮತ್ತು ‘ಸಮ’ ಜ್ಞಾತಿಪದಗಳು, ಅಂದರೆ ಒಂದೇ ಮೂಲದಿಂದ ಬಂದ ಪದಗಳು. ಗ್ರೀಕಿನ ‘ಹೊಮೊಸ್’ ಕೂಡ ಅದೇ ಮನೆತನದ್ದು. ಇಂಗ್ಲಿಷಿಗೆ ‘ಸೇಮ್’ ಬಂದದ್ದು ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ, ಸಂಸ್ಕೃತದಿಂದಲ್ಲ. 1786ರಲ್ಲಿ ಕಲ್ಕತ್ತೆಯಲ್ಲಿ ಭಾಷಾವಿದ್ವಾಂಸ ವಿಲಿಯಂ ಜೋನ್ಸ್ ಇಂಥ ನಂಟಿನ ಬಗ್ಗೆಯೇ ಮಾತನಾಡಿದ್ದರು: ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಕವಲೊಡೆದಿವೆ, ಆ ಮೂಲ ಬಹುಶಃ ಈಗ ಉಳಿದಿಲ್ಲ ಎಂದು.

ಚಿಕ್ಕಪ್ಪ: ಹಾಗಿದ್ದರೆ ‘ಸೇಮ್’ ಹುಟ್ಟಿದ್ದು ‘ಸಮ’ದಿಂದ ಎಂದು ತಿದ್ದಿ ಕಳುಹಿಸುತ್ತೇನೆ.

ನಾನು: ಚಿಕ್ಕಪ್ಪ, ‘ಹುಟ್ಟಿದ್ದು’ ಬೇಡ. ‘ಒಡಹುಟ್ಟಿದ್ದು’ ಎಂದು ಬರೆಯಿರಿ.