ಅಪ್‌ಡೇಟ್: ಕ್ಯಾಂಪರ್ ಎಳೆಯಲು ಡೀಸೆಲ್ ಟ್ರಕ್ಕನ್ನೇ ಕೊಂಡೆವು
ಡೆನ್ವರ್‌ನಲ್ಲಿರುವ ನಾವು 8,000 ಪೌಂಡ್ ತೂಕದ ಕ್ಯಾಂಪರ್ (ಟ್ರಕ್ಕಿನ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೆ ವಾಸಿಸಬಹುದಾದ ಗಾಡಿ) ಎಳೆಯಲು ಪೆಟ್ರೋಲ್ ಟ್ರಕ್ ಕೊಳ್ಳಬೇಕೋ ಡೀಸೆಲ್ ಟ್ರಕ್ ಕೊಳ್ಳಬೇಕೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕೊನೆಗೆ ಫೋರ್ಡ್ ಎಫ್-250ರ 6.7 ಲೀಟರ್ ಡೀಸೆಲ್ ಮಾದರಿಯನ್ನು ಕೊಂಡೆವು. ನಮ್ಮ ದಾರಿಯಲ್ಲಿ ಬರುವ ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗವು 11,000 ಅಡಿಗೂ ಹೆಚ್ಚು ಎತ್ತರದಲ್ಲಿದ್ದು, ಗಾಳಿ ತೆಳುವಾದಂತೆ ಟರ್ಬೋ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ; ನಮ್ಮ ಡೀಸೆಲ್‌ನಲ್ಲಿ ಅದಿದೆ) ಇಲ್ಲದ ಪೆಟ್ರೋಲ್ ಎಂಜಿನ್ನಿನ ಶಕ್ತಿ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಕುಗ್ಗುತ್ತದೆ ಎಂಬ ನಿಮ್ಮ ಮಾತೇ ನಮ್ಮ ಆಯ್ಕೆಯನ್ನು ನಿರ್ಧರಿಸಿತು. ಆದರೆ ನನಗೆ ನಿಜವಾದ ನೆಮ್ಮದಿ ದೊರೆತದ್ದು ಏರಿನಲ್ಲಲ್ಲ, ಇಳಿಜಾರಿನಲ್ಲಿ: ಸುರಂಗದಿಂದ ಸಿಲ್ವರ್‌ಥಾರ್ನ್ ಊರಿನ ಕಡೆಗೆ ಇಳಿಯುವಾಗ ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆಯನ್ನು ತಡೆದು ವಾಹನದ ವೇಗ ತಗ್ಗಿಸುವ ವ್ಯವಸ್ಥೆ) ವೇಗವನ್ನು ಹಿಡಿದಿಟ್ಟಿದ್ದರಿಂದ ಕಾಲಿನ ಬ್ರೇಕನ್ನು ಬಹಳ ಕಡಿಮೆ ಒತ್ತಬೇಕಾಯಿತು. ಒಂದು ಎಚ್ಚರಿಕೆ: ಡೀಸೆಲ್ ಎಂಜಿನ್ನೇ ಹೆಚ್ಚು ಭಾರವಿರುವುದರಿಂದ ಪೇಲೋಡ್, ಅಂದರೆ ಟ್ರಕ್ ತನ್ನ ಮೇಲೆ ಹೊರಬಹುದಾದ ಭಾರ, ತಗ್ಗುತ್ತದೆ. ಹಿಚ್ (ಕ್ಯಾಂಪರನ್ನು ಟ್ರಕ್ಕಿಗೆ ಜೋಡಿಸುವ ಕೊಂಡಿ) ಮೇಲೆ ಬೀಳುವ ಭಾರ, ಅಂದರೆ ಕ್ಯಾಂಪರ್ ತೂಕದ ಶೇ. 10ರಿಂದ 15ರಷ್ಟು, ಅದರಲ್ಲೇ ಸೇರಬೇಕಾದ ಕಾರಣ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿರುವ ಅಂಕಿಯನ್ನು ನೋಡಿದ ಮೇಲೆಯೇ ದಯವಿಟ್ಟು ಮುಂಗಡ ಕೊಡಿ.